ಬಿರುಕು ಬಿಟ್ಟ ಕೋವಿ, ಆರಿಹೋದ ಟಾರ್ಚು: ಜಿಮ್ ಕಾರ್ಬೆಟ್ ಅವರ ಜೀವನ

 

ಈ ತಿಂಗಳ ಗೋಡೆ ಪತ್ರಿಕೆಗೆ ನಾನು ಜಿಮ್ ಕಾರ್ಬೆಟ್ ಅವರ ಜೀವನ ಚರಿತ್ರೆಯನ್ನು ಬರೆಯುತ್ತಿದ್ದೇನೆ. ಇವರು ನರಭಕ್ಷಕ ಹುಲಿ ಚಿರತೆಗಳನ್ನು ಕೊಂದು ಸಾವಿರಾರು ಜನರ ಪ್ರಾಣ ಉಳಿಸಿದ ಬೇಟೆಗಾರರು. ಬೇಟೆಗಾರ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಏನು ಬರುತ್ತೆ? ಫಳಫಳ ಹೊಳೆಯುವ ಕೋವಿ, ಸೊಂಟದ ತುಂಬ ತೋಟಾ, ಸತ್ತ ಹುಲಿಯ ಮೇಲೆ ಕಾಲಿಟ್ಟು ತೆಗೆಸಿಕೊಂಡ ಫೋಟೊ. ಆದರೆ ಕಾರ್ಬೆಟ್ ಅವರ ಕಥೆಗಳಲ್ಲಿ ಇರುವುದೇ ಬೇರೆ. ಕೋವಿಯ ನಳಿಗೆ ಸೀಳಿದೆ. ತೋಟಾ ಸಾಲಲಿಲ್ಲ. ದೀಪದ ಮ್ಯಾಂಟಲ್ ಉದುರಿತು. ಬೋನಿನ ಹಲ್ಲು ಮುರಿದಿತ್ತು. ಟಾರ್ಚು ಆರಿಹೋಯಿತು. ಯಾವ ಸಾಮಾನು ಬೇಕೋ ಅದೇ ಸಾಮಾನು, ಬೇಕಾದ ಗಳಿಗೆಯಲ್ಲೇ ಕೈಕೊಡುತ್ತೆ! ಅವರು ಇದನ್ನೆಲ್ಲ ಮುಚ್ಚಿಡದೆ ತಮ್ಮ ಪುಸ್ತಕಗಳಲ್ಲಿ ತಾವೇ ಬರೆದುಕೊಂಡಿದ್ದಾರೆ. ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು ಅದಕ್ಕೇ. ಆದ್ದರಿಂದ ಅವರ ಜೀವನವನ್ನು ಈ ಕೈಕೊಟ್ಟ ಸಾಮಾನುಗಳನ್ನು ಹಿಡಿದುಕೊಂಡೇ ಹೇಳುತ್ತೇನೆ. ಎಲ್ಲರೂ ಕೊನೆಯವರೆಗೂ ಓದಬೇಕು.

ಜನನ ಮತ್ತು ಬಾಲ್ಯ

ಜಿಮ್ ಕಾರ್ಬೆಟ್ ಅವರ ಪೂರ್ತಿ ಹೆಸರು ಎಡ್ವರ್ಡ್ ಜೇಮ್ಸ್ ಕಾರ್ಬೆಟ್. ಅವರು 1875ನೇ ಇಸವಿ ಜುಲೈ 25ರಂದು ಹಿಮಾಲಯದ ತಪ್ಪಲಿನ ನೈನಿತಾಲ್ ಎಂಬ ಊರಿನಲ್ಲಿ ಹುಟ್ಟಿದರು. ಈಗ ಆ ಊರು ಉತ್ತರಾಖಂಡ ರಾಜ್ಯದಲ್ಲಿದೆ. ಅವರ ತಂದೆ ಅಲ್ಲಿ ಪೋಸ್ಟ್‌ಮಾಸ್ಟರ್ ಆಗಿದ್ದರು. ಮನೆ ತುಂಬ ಮಕ್ಕಳಿದ್ದ ದೊಡ್ಡ ಸಂಸಾರ. ಜಿಮ್ ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯೇ ಕಷ್ಟಪಟ್ಟು ಎಲ್ಲರನ್ನೂ ಸಾಕಿದರು. ಬೇಸಿಗೆಯಲ್ಲಿ ಅವರ ವಾಸ ನೈನಿತಾಲ್‌ನಲ್ಲಿ, ಚಳಿಗಾಲದಲ್ಲಿ ಬೆಟ್ಟದ ಕೆಳಗಿನ ಕಾಲಾಢುಂಗಿಯಲ್ಲಿ. ಕಾಲಾಢುಂಗಿಯ ಮನೆ ಸುತ್ತ ಕಾಡೋ ಕಾಡು. ಅಲ್ಲಿ ಜಿಮ್ ಹಕ್ಕಿಗಳ ಕೂಗನ್ನು ಕಲಿತರು. ಯಾವ ಹೆಜ್ಜೆ ಯಾವ ಪ್ರಾಣಿಯದು, ಮಂಗ ಯಾಕೆ ಹಾಗೆ ಕೂಗಿತು, ಜಿಂಕೆ ಯಾಕೆ ಬೆದರಿತು ಎಂಬುದನ್ನೆಲ್ಲ ನಾವು ಪಾಠ ಓದುವ ಹಾಗೆ ಓದಿದರು.

ತಂತಿ ಸುತ್ತಿದ ಕೋವಿ

ಜಿಮ್ ಅವರಿಗೆ ಮೊದಲು ಸಿಕ್ಕಿದ್ದು ಒಂದು ಕವಣೆ, ಅಂದರೆ ನಮ್ಮ ಹುಡುಗರು ಮಾವಿನಕಾಯಿಗೆ ಹೊಡೆಯುವ ಚಾಟರಬಿಲ್ಲಿನಂಥದ್ದು. ಆಮೇಲೆ ನೆಂಟರೊಬ್ಬರು ಒಂದು ಹಳೇ ಜೋಡಿ ನಳಿಗೆಯ ಕೋವಿ ಕೊಟ್ಟರು. ಅದು ಬಾಯಿಯಿಂದಲೇ ಮದ್ದು, ಚರೆ ತುಂಬಿ ಗಜದಿಂದ ಕುಟ್ಟುವ ಕಾಲದ ಕೋವಿ. ಅದರ ಸ್ಥಿತಿ ಕೇಳಿ: ಬಲಗಡೆಯ ನಳಿಗೆ 6 ಇಂಚು ಉದ್ದಕ್ಕೆ ಸೀಳಿಹೋಗಿತ್ತು. ನಳಿಗೆ ಒಂದು ಕಡೆ, ಮರದ ಹಿಡಿ ಒಂದು ಕಡೆ ಬೀಳದಂತೆ ಹಿತ್ತಾಳೆ ತಂತಿ ಸುತ್ತಿ ಬಿಗಿದಿದ್ದರು. ನಮ್ಮ ಮನೆಗಳಲ್ಲಿ ಮುರಿದ ಗುದ್ದಲಿ ಕಾವಿಗೆ ತಂತಿ ಸುತ್ತುತ್ತಾರಲ್ಲ, ಹಾಗೆ.

ಆ ಕೋವಿ ಹಿಡಿದುಕೊಂಡು ಆ ಪುಟ್ಟ ಹುಡುಗ ಕಾಡೆಲ್ಲ ತಿರುಗಿದ. ಕತ್ತಲಾದರೆ ಸಣ್ಣ ಬೆಂಕಿ ಹಾಕಿಕೊಂಡು ಅಲ್ಲೇ ಮಲಗುತ್ತಿದ್ದನಂತೆ. ಒಂದು ದಿನ ಕಾಡುಕೋಳಿಗಳನ್ನು ಹಿಡಿಯಲು ಮೆಲ್ಲಗೆ ತೆವಳಿಕೊಂಡು ಒಂದು ಪೊದೆಯ ಹತ್ತಿರ ಹೋದಾಗ ಪೊದೆಯೇ ಅಲುಗಾಡಿತು. ಅದರ ಆಚೆ ಕಡೆಯಿಂದ ಒಂದು ಹುಲಿ ಹೊರಗೆ ಬಂತು! ಹುಲಿ ತಿರುಗಿ ನೋಡಿತು, ಈ ಪೋರ ಇಲ್ಲಿ ಏನು ಮಾಡುತ್ತಿದ್ದಾನೆ ಅನ್ನುವ ಹಾಗೆ ಮುಖ ಮಾಡಿತು, ಸುಮ್ಮನೆ ನಡೆದುಹೋಯಿತು. ಆ ಸೀಳಿದ ಕೋವಿಯಿಂದ ಹುಲಿಗೆ ಏನೂ ಮಾಡಲಾಗುತ್ತಿರಲಿಲ್ಲ. ಆದರೆ ಏನೂ ಮಾಡುವ ಅಗತ್ಯವೂ ಬರಲಿಲ್ಲ. ಹುಲಿ ತಾನಾಗಿ ಮನುಷ್ಯರ ಮೇಲೆ ಬೀಳುವ ಪ್ರಾಣಿಯಲ್ಲ ಎಂದು ಕಾರ್ಬೆಟ್ ಅವರು ಜೀವನಪೂರ್ತಿ ಹೇಳುತ್ತಿದ್ದರು. ಆ ನಂಬಿಕೆಯ ಬೇರು ಈ ದಿನದಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತು. ಮದ್ದು, ಚರೆ ದುಬಾರಿ. ಒಂದು ಸಲ ಹೊಡೆದರೆ ಮತ್ತೆ ತುಂಬಲು ಹೊತ್ತು ಬೇಕು. ಹಾಗಾಗಿ ವ್ಯರ್ಥವಾಗಿ ಹೊಡೆಯಬಾರದು, ಹತ್ತಿರ ಹೋಗಿ ಗುರಿಯಿಟ್ಟು ಹೊಡೆಯಬೇಕು ಎಂಬ ಪಾಠವನ್ನು ಆ ಹಳೇ ಕೋವಿಯೇ ಅವರಿಗೆ ಕಲಿಸಿತು.

ರೈಲ್ವೆ ಕೆಲಸ

ಕಾರ್ಬೆಟ್ ಅವರಿಗೆ ಬೇಟೆಯೇ ಉದ್ಯೋಗ ಅಂತ ತುಂಬ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಮನೆಯಲ್ಲಿ ದುಡ್ಡಿನ ಅನುಕೂಲ ಇರಲಿಲ್ಲವಾದ್ದರಿಂದ ಅವರು ಇನ್ನೂ ಹುಡುಗನಾಗಿದ್ದಾಗಲೇ ರೈಲ್ವೆ ಕೆಲಸಕ್ಕೆ ಸೇರಿದರು. ಬಿಹಾರದಲ್ಲಿ ಗಂಗಾ ನದಿಯ ದಡದ ಮೊಕಾಮೆ ಘಾಟ್ ಎಂಬಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ಸರಕು ಇಳಿಸುವ, ಏರಿಸುವ ಕೆಲಸದ ಕಂಟ್ರಾಕ್ಟರ್ ಆಗಿದ್ದರು. ಕೂಲಿಗಳ ಜೊತೆಗೇ ಸೇರಿ ದುಡಿದರು. ನರಭಕ್ಷಕ ಬಂದಿದೆ ಅಂತ ಸರ್ಕಾರದವರು ಕೇಳಿಕೊಂಡರೆ ಮಾತ್ರ ಬಿಡುವು ಮಾಡಿಕೊಂಡು ಹೋಗುತ್ತಿದ್ದರು.

ಚಂಪಾವತ್‌ನ ಹುಲಿ

ಅವರು ಕೊಂದ ಮೊದಲ ನರಭಕ್ಷಕ ಚಂಪಾವತ್‌ನ ಹೆಣ್ಣು ಹುಲಿ. ವರ್ಷ 1907. ಆ ಹುಲಿ ಮೊದಲು ನೇಪಾಳದಲ್ಲಿ 200 ಜನರನ್ನು ಕೊಂದಿತ್ತು. ಅಲ್ಲಿಂದ ಓಡಿಸಿದ ಮೇಲೆ ಕುಮಾವೂಂ ಪ್ರದೇಶಕ್ಕೆ ಬಂದು ಅಲ್ಲೂ ಕೊಲ್ಲುತ್ತಾ ಹೋಯಿತು. ಒಟ್ಟು 436 ಜನ! ಲೆಕ್ಕ ಹಾಕಿ ನೋಡಿ, ನಮ್ಮ ಶಾಲೆಯ ಎಲ್ಲ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೂ ಅಷ್ಟು ಜನ ಆಗುವುದಿಲ್ಲ. ಊರಿನವರು ಹಗಲಲ್ಲೂ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದರು. ಒಂದು ಹಳ್ಳಿಯಲ್ಲಿ ತನ್ನ ಅಕ್ಕ ತಂಗಿಯನ್ನು ಹುಲಿ ಹೊತ್ತೊಯ್ಯುವುದನ್ನು ಕಣ್ಣಾರೆ ಕಂಡ ಹೆಂಗಸಿಗೆ ಅವತ್ತಿನಿಂದ ಮಾತೇ ನಿಂತುಹೋಗಿತ್ತು.

ಕಾರ್ಬೆಟ್ ಎರಡು ಷರತ್ತು ಹಾಕಿದರು. ಹುಲಿಯ ತಲೆಗೆ ಕಟ್ಟಿದ ಬಹುಮಾನವನ್ನು ರದ್ದು ಮಾಡಬೇಕು, ಬೇರೆ ಬೇಟೆಗಾರರನ್ನೂ ಸೈನಿಕರನ್ನೂ ವಾಪಸು ಕರೆಸಬೇಕು. ದುಡ್ಡಿಗಾಗಿ ಬೇಟೆಯಾಡುವವನು ಅಂತ ಅನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು. ಸರ್ಕಾರ ಒಪ್ಪಿತು.

ಚಂಪಾವತ್ ಹತ್ತಿರ ಹುಲಿ ಒಬ್ಬ ಹುಡುಗಿಯನ್ನು ಕೊಂದಿತು. ಮಾರನೇ ದಿನ ಅಲ್ಲಿಯ ತಹಶೀಲ್ದಾರರು 298 ಜನರನ್ನು ಸೇರಿಸಿದರು. ಲೈಸೆನ್ಸ್ ಇಲ್ಲದ ಕೋವಿ ತಂದರೂ ಅವತ್ತು ಕೇಳುವುದಿಲ್ಲ ಅಂತ ಸಾರಿದ್ದರು. ಜನ ಅಟ್ಟದ ಮೇಲೆ ಬಚ್ಚಿಟ್ಟಿದ್ದ ಕೋವಿಗಳನ್ನೆಲ್ಲ ತಂದರು. ಅವನ್ನು ಸೇರಿಸಿದ್ದರೆ ಒಂದು ವಸ್ತು ಸಂಗ್ರಹಾಲಯವೇ ಆಗುತ್ತಿತ್ತಂತೆ! ಇವರೆಲ್ಲ ಗುಡ್ಡದ ಮೇಲೆ ಸಾಲಾಗಿ ನಿಂತು, ಕಾರ್ಬೆಟ್ ಸನ್ನೆ ಮಾಡಿದ ಮೇಲೆ ಕೋವಿ ಹಾರಿಸಿ, ತಮಟೆ ಬಡಿದು, ಬಂಡೆ ಉರುಳಿಸಿ ಹುಲಿಯನ್ನು ಕೆಳಗೆ ಅಟ್ಟಬೇಕು. ಕೆಳಗೆ ಕಾರ್ಬೆಟ್ ಕಾದಿರಬೇಕು. ಇದು ಉಪಾಯ.

ಆದರೆ ಮೊದಲು ಕೈಕೊಟ್ಟಿದ್ದು ಕೋವಿ ಅಲ್ಲ, ತಹಶೀಲ್ದಾರರ ಬೂಟು! ಅವರು ಕಾರ್ಬೆಟ್ ಜೊತೆ ಇಳಿಯುತ್ತಾ ಬರುತ್ತಿದ್ದರು. ಹೊಳಪಿನ ಬೂಟು ಕಚ್ಚಿ ಕಾಲಿನಲ್ಲಿ ಬೊಬ್ಬೆ ಎದ್ದು, ಬೂಟು ಬಿಚ್ಚಲು ದಾರಿಯಲ್ಲೇ ಕೂತುಬಿಟ್ಟರು. ಗುಡ್ಡದ ಮೇಲಿನ ಜನ, ಸಾಹೇಬರು ಸನ್ನೆ ಮಾಡುವುದನ್ನು ಮರೆತಿದ್ದಾರೆ ಅಂದುಕೊಂಡು ಗದ್ದಲ ಶುರು ಮಾಡಿಯೇಬಿಟ್ಟರು. ಕಾರ್ಬೆಟ್ ತಮ್ಮ ಜಾಗಕ್ಕೆ ಎದ್ದೆನೋ ಬಿದ್ದೆನೋ ಅಂತ ಓಡಬೇಕಾಯಿತು.

ಎರಡನೇ ತೊಂದರೆ ತೋಟಾ. ಅವರ ಹತ್ತಿರ ಇದ್ದದ್ದು ಮೂರೇ ಮೂರು. ಹೆಚ್ಚು ಹೊಡೆಯುವ ಅವಕಾಶ ಸಿಗುವುದಿಲ್ಲ ಅಂತ ಅಷ್ಟೇ ತಂದಿದ್ದರು. ಒಂದು ದೂರದ ಗುರಿಗೆ ಹೋಯಿತು, ತಾಗಲಿಲ್ಲ. ಉಳಿದ ಎರಡು ಹುಲಿಗೆ ತಾಗಿದವು. ಆದರೆ ಹುಲಿ ಸಾಯಲಿಲ್ಲ. ಗಾಯಗೊಂಡು ಒಂದು ಬಂಡೆಯ ಮೇಲೆ ನಿಂತು ಬಾಯಿ ತೆರೆದು ಗುರುಗುಟ್ಟುತ್ತಿದೆ. ಕಾರ್ಬೆಟ್ ಕೈಯಲ್ಲಿ ಇರುವುದು ಖಾಲಿ ಕೋವಿ!

ಅವರು ತಹಶೀಲ್ದಾರರಿಗೆ ಕೋವಿ ತರಲು ಕೂಗಿದರು. ಮೇಲಿನಿಂದ ಉದ್ದನೆಯ ಉತ್ತರ ಬಂತು. ಅದರಲ್ಲಿ ಕೇಳಿಸಿದ್ದು ಕಾಲು ಅನ್ನುವ ಒಂದೇ ಮಾತು. ಪಾಪ, ಬೊಬ್ಬೆ! ಕಾರ್ಬೆಟ್ ತಾವೇ ಗುಡ್ಡ ಹತ್ತಿ ಓಡಿ, ಕೋವಿ ಕಿತ್ತುಕೊಂಡು ವಾಪಸು ಓಡಿ ಬಂದರು. ಹುಲಿಗೆ 20 ಅಡಿ ದೂರದಲ್ಲಿ ನಿಂತು ಕೋವಿ ಎತ್ತಿದಾಗ ನೋಡುತ್ತಾರೆ, ನಳಿಗೆಗೂ ಅದರ ಹಿಂದೆ ಬಿಗಿಯಾಗಿ ಮುಚ್ಚಿರಬೇಕಾದ ಭಾಗಕ್ಕೂ ನಡುವೆ ಸುಮಾರು 1 ಸೆಂಟಿಮೀಟರ್ ಸಂದು!

ಇದರ ಅಪಾಯ ಏನು ಅಂತ ಹೇಳುತ್ತೇನೆ. ಮದ್ದು ಹೊತ್ತಿದಾಗ ಬರುವ ಬಿಸಿ ಗಾಳಿಯ ಒತ್ತಡ ಗುಂಡನ್ನು ಮುಂದಕ್ಕೆ ತಳ್ಳಬೇಕು. ಹಿಂದೆ ಸಂದು ಇದ್ದರೆ ಅದೇ ಬೆಂಕಿ ಹಿಂದಕ್ಕೆ ನುಗ್ಗಿ ಹೊಡೆಯುವವನ ಮುಖಕ್ಕೆ ಬಡಿಯುತ್ತದೆ. ಕಣ್ಣೇ ಹೋಗಬಹುದು. ಸ್ವಲ್ಪ ಮುಂಚೆ ಅದೇ ಕೋವಿಯಿಂದ ತಹಶೀಲ್ದಾರರು ಎರಡು ಸಲ ಹಾರಿಸಿದ್ದರು, ಅದು ಸಿಡಿದಿರಲಿಲ್ಲ. ಅಷ್ಟೇ ಧೈರ್ಯ. ಬಿಟ್ಟರೆ ಗಾಯಗೊಂಡ ನರಭಕ್ಷಕ ಜನರ ನಡುವೆ ಹೋಗುತ್ತದೆ. ಕಾರ್ಬೆಟ್ ಹುಲಿಯ ತೆರೆದ ಬಾಯಿಗೆ ಗುರಿಯಿಟ್ಟು ಹೊಡೆದರು. ಗುಂಡು ಬಾಯಿಗೆ ತಾಗಲೇ ಇಲ್ಲ, 20 ಅಡಿಯಲ್ಲೂ ದಾರಿ ತಪ್ಪಿ ಬಲಗಡೆಯ ಪಂಜಕ್ಕೆ ತಾಗಿತು! ಅದರಲ್ಲಿ ಎಷ್ಟು ಕಡಿಮೆ ಶಕ್ತಿ ಇತ್ತೆಂದರೆ ಆಮೇಲೆ ಅವರು ಆ ಗುಂಡನ್ನು ಉಗುರಿನಿಂದಲೇ ತೆಗೆದರಂತೆ. ಮೊದಲಿನ ಗುಂಡುಗಳಿಂದ ಹುಲಿ ಆಗಲೇ ಕೊನೆಯುಸಿರಿನಲ್ಲಿತ್ತು. ಆ ಸಣ್ಣ ಪೆಟ್ಟಿಗೇ ಮುಗ್ಗರಿಸಿ ಬಿದ್ದು ಸತ್ತಿತು.

ಹುಲಿಯ ಸಾಮಾನೂ ಮುರಿದಿತ್ತು

ಗೆಳೆಯರೇ, ಇಲ್ಲಿ ಒಂದು ಮುಖ್ಯ ವಿಷಯ ಇದೆ. ಸತ್ತ ಹುಲಿಯ ಬಾಯಿ ನೋಡಿದಾಗ ಬಲಗಡೆಯ ಎರಡು ಕೋರೆಹಲ್ಲುಗಳು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ಬುಡದವರೆಗೆ. ಎಂದೋ ಯಾರೋ ಹೊಡೆದ ಗುಂಡಿನಿಂದ ಹಾಗೆ ಆಗಿತ್ತು. ಹುಲಿಗೆ ಕೋರೆಹಲ್ಲೇ ಕೋವಿ. ಅದು ಮುರಿದ ಮೇಲೆ ಜಿಂಕೆ, ಕಡವೆ ಹಿಡಿದು ಕೊಲ್ಲುವುದು ಕಷ್ಟ. ಆಗ ಅದು ಓಡಲಾಗದ, ಕೊಂಬಿಲ್ಲದ, ಕುಡುಗೋಲು ಹಿಡಿದು ಹುಲ್ಲು ಕೊಯ್ಯುವ ಮನುಷ್ಯರ ಕಡೆ ತಿರುಗಿತು. ಅಂದರೆ ಯಾರೋ ಒಬ್ಬನ ಗುರಿ ತಪ್ಪಿದ ಗುಂಡಿಗೆ 436 ಜನ ಪ್ರಾಣ ಕೊಟ್ಟರು. ಹೊಡೆದವನು ಮನೆಗೆ ಹೋಗಿ ಊಟ ಮಾಡಿ ಮಲಗಿರಬೇಕು. ಅವನು ಯಾರು ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಹುಲಿ ಸತ್ತ ಮೇಲೆ ಕಾರ್ಬೆಟ್ ಅದರ ಚರ್ಮವನ್ನು ಆ ಮಾತು ನಿಂತ ಹೆಂಗಸಿಗೆ ತೋರಿಸಲು ಅವಳ ಹಳ್ಳಿಗೆ ಹೋದರು. ಅದನ್ನು ನೋಡಿ ಅವಳಿಗೆ ಮಾತು ಬಂತು. ಊರವರನ್ನೆಲ್ಲ ಕೂಗಿ ಕರೆದಳು. ನನಗೆ ಈ ಭಾಗ ಓದುವಾಗ ಕಣ್ಣಲ್ಲಿ ನೀರು ಬಂತು.

ಆಮೇಲೆ ನೈನಿತಾಲ್ ದರ್ಬಾರಿನಲ್ಲಿ ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಜಾನ್ ಹೆವೆಟ್ ಅವರು ತಹಶೀಲ್ದಾರರಿಗೆ ಒಂದು ಕೋವಿಯನ್ನು ಬಹುಮಾನ ಕೊಟ್ಟರು. ಅವರಿಗೆ ಅದರ ಅಗತ್ಯ ಎಷ್ಟಿತ್ತು ಅಂತ ನಿಮಗೆ ಗೊತ್ತೇ ಇದೆ! ಕಾರ್ಬೆಟ್ ಅವರಿಗೂ ರಿಗ್ಬಿ ಕಂಪನಿಯ ಒಂದು ಹಗುರವಾದ ರೈಫಲ್ ಸಿಕ್ಕಿತು.

ಪಾನಾರ್ ಚಿರತೆ ಮತ್ತು ಪಂಜುಗಳು

1910ರಲ್ಲಿ ಪಾನಾರ್ ಎಂಬ ಕಡೆ 400 ಜನರನ್ನು ಕೊಂದಿದ್ದ ಚಿರತೆಯನ್ನು ಹೊಡೆಯಲು ಹೋದರು. ರಾತ್ರಿ ಕತ್ತಲಲ್ಲಿ ಮರದ ಮೇಲಿಂದ ಹೊಡೆದ ಗುಂಡಿಗೆ ಚಿರತೆ ಗಾಯಗೊಂಡಿತು. ಊರಿನವರು ಪೈನ್ ಮರದ ಸೀಳುಗಳಿಂದ ಮಾಡಿದ ಪಂಜು ಹಿಡಿದು ಹಿಂದೆ ಬಂದರು. ಏನೇ ಆದರೂ ಓಡುವುದಿಲ್ಲ, ಬೆಳಕು ಹಿಡಿದೇ ನಿಲ್ಲುತ್ತೇವೆ ಅಂತ ಮಾತು ಕೊಟ್ಟಿದ್ದರು. ಚಿರತೆ ಅಬ್ಬರಿಸಿ ನುಗ್ಗಿ ಬಂದಾಗ ಎಲ್ಲರೂ ತಿರುಗಿ ಓಟ! ಬೆಳಕೇ ಇಲ್ಲದೆ ಎದುರಿಗೆ ಚಿರತೆ. ಆದರೆ ಓಡುವ ಗಡಿಬಿಡಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಕೆಲವು ಉರಿಯುವ ಸೀಳುಗಳು ನೆಲಕ್ಕೆ ಬಿದ್ದವು. ಆ ಮಿಣಮಿಣ ಬೆಳಕಿನಲ್ಲೇ ಕಾರ್ಬೆಟ್ ಚಿರತೆಯ ಎದೆಗೆ ಹೊಡೆದರು. ಓಡಿದವರನ್ನು ಅವರು ಬೈಯಲಿಲ್ಲ. ಮಕ್ಕಳು ಮರಿ ಇರುವವರು, ಕೈಯಲ್ಲಿ ಕೋವಿಯೂ ಇಲ್ಲ, ಓಡದೆ ಏನು ಮಾಡಿಯಾರು?

ರುದ್ರಪ್ರಯಾಗ: ಒಡೆದ ದೀಪ, ಹಲ್ಲು ಮುರಿದ ಬೋನು

ಕಾರ್ಬೆಟ್ ಅವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಟ್ಟಿದ್ದು ರುದ್ರಪ್ರಯಾಗದ ಚಿರತೆ. ಈ ಕಥೆಯನ್ನು ನಮ್ಮ ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದಿದ್ದಾರೆ. ಕೇದಾರನಾಥ, ಬದರಿನಾಥಕ್ಕೆ ಯಾತ್ರೆ ಹೋಗುವ ದಾರಿಯಲ್ಲಿ 1918ರಿಂದ 1926ರವರೆಗೆ ಇದು 125 ಜನರನ್ನು ಕೊಂದಿತ್ತು. ಕತ್ತಲಾದ ಮೇಲೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ.

ಒಂದು ರಾತ್ರಿ ಕಾರ್ಬೆಟ್ ಮತ್ತು ಅವರ ಸ್ನೇಹಿತ ಇಬ್ಬಟ್‌ಸನ್ ಎಂಬ ಅಧಿಕಾರಿ ಬೆಟ್ಟದ ದಾರಿಯಲ್ಲಿ ಬರುತ್ತಿದ್ದರು. ಕೈಯಲ್ಲಿ ಪೆಟ್ರೋಲ್ ದೀಪ. ನಮ್ಮ ಜಾತ್ರೆಯಲ್ಲಿ, ಮದುವೆ ಮೆರವಣಿಗೆಯಲ್ಲಿ ಹಿಂದೆ ಗ್ಯಾಸ್‌ಲೈಟು ಹೊರುತ್ತಿದ್ದರಲ್ಲ, ಹಾಗೆ ಬಲೆಯಂಥ ಮ್ಯಾಂಟಲ್ ಇರುವ ದೀಪ. ಇಬ್ಬಟ್‌ಸನ್ ಕೈಯಲ್ಲಿದ್ದ ದೀಪ ಬಂಡೆಗೆ ತಾಗಿ ಮ್ಯಾಂಟಲ್ ಉದುರಿಬಿತ್ತು. ಉಳಿದದ್ದು ಒಂದು ಸಣ್ಣ ನೀಲಿ ಉರಿ. ಅದೂ ಮೂರು ನಿಮಿಷ ಮೀರಿದರೆ ದೀಪ ಸಿಡಿಯಬಹುದು ಅಂತ ಹೆದರಿಕೆ! ನರಭಕ್ಷಕ ತಿರುಗುವ ಬೆಟ್ಟದಲ್ಲಿ ಇಬ್ಬರೂ ಎಡವುತ್ತಾ ಹತ್ತಿ ಒಂದು ಮನೆಯ ಬಾಗಿಲು ತಟ್ಟಿದರು. ಒಳಗಿನವರು ಹೆದರಿ ಹೆದರಿ ಬಾಗಿಲು ತೆಗೆದರು.

ಇನ್ನೊಂದು ಸಲ ಸರ್ಕಾರದವರು ಒಂದು ದೊಡ್ಡ ಕಬ್ಬಿಣದ ಬೋನು ಕಳಿಸಿದರು. ಇದು ಪಂಜರದಂಥ ಬೋನಲ್ಲ, ಇಲಿಗೆ ಇಡುವ ಕತ್ತರಿಯ ಹಾಗೆ ದವಡೆ ಮುಚ್ಚಿಕೊಳ್ಳುವಂಥದ್ದು. ಉದ್ದ 5 ಅಡಿ, ತೂಕ 80 ಪೌಂಡು, ಅಂದರೆ ಸುಮಾರು 36 ಕೆ.ಜಿ. ದವಡೆಯಲ್ಲಿ 3 ಇಂಚಿನ ಹಲ್ಲುಗಳು. ಪೌರಿ ಎಂಬ ಊರಿನಿಂದ ಹೊತ್ತು ತರುವಾಗ ದಾರಿಯಲ್ಲಿ ಅದು ಕೆಳಗೆ ಬಿದ್ದು ಒಂದು ಹಲ್ಲು ಮುರಿದಿತ್ತು. ಒಂದೇ ಒಂದು ಹಲ್ಲು ತಾನೇ?

ಚಿರತೆ ಬಂತು. ಬೋನು ಮುಚ್ಚಿಕೊಂಡಿತು. ಆದರೆ ಅದರ ಹಿಂಗಾಲಿನ ಹತ್ತಿರದ ಚರ್ಮ ಸಿಕ್ಕಿಕೊಂಡಿದ್ದು ಸರಿಯಾಗಿ ಆ ಮುರಿದ ಹಲ್ಲಿನ ಸಂದಿನಲ್ಲಿ! ಚಿರತೆ ಆ ಭಾರದ ಬೋನನ್ನು ಗುಂಡಿಯಿಂದ ಕಿತ್ತು ಎಳೆದುಕೊಂಡು ಹೋಗಿ ಬಿಡಿಸಿಕೊಂಡು ಓಡಿತು. ಬೋನಿನಲ್ಲಿ ಉಳಿದದ್ದು ಒಂದು ಚೂರು ಚರ್ಮ, ಒಂದಷ್ಟು ಕೂದಲು. ಆ ಹಲ್ಲು ಇದ್ದಿದ್ದರೆ ಚಿರತೆಯ ಕಥೆ ಅವತ್ತೇ ಮುಗಿಯುತ್ತಿತ್ತು. ಅದಾದ ಮೇಲೆ ಸತ್ತವರು ಬದುಕಿರುತ್ತಿದ್ದರು. ಇದನ್ನು ಓದಿದಾಗ ನನಗೆ ತುಂಬ ಬೇಜಾರಾಯಿತು. ಒಂದು ಹಲ್ಲು!

ಆದರೆ ಕಾರ್ಬೆಟ್ ಬೋನು ಹೊತ್ತವನ ಮೇಲೆ ತಪ್ಪು ಹೊರಿಸಿ ಸುಮ್ಮನಾಗಲಿಲ್ಲ. ಅಲಕನಂದಾ ನದಿಯ ತೂಗುಸೇತುವೆಯ ಕಂಬದ ಮೇಲೆ 20 ರಾತ್ರಿ ಒಬ್ಬರೇ ಕೂತರು. ಇರುವೆ ಕಚ್ಚಿದವು, ಚಳಿಗಾಳಿ ಹೊಡೆಯಿತು. ಅಷ್ಟು ರಾತ್ರಿಯಲ್ಲಿ ಸೇತುವೆ ದಾಟಿದ್ದು ಒಂದೇ ಒಂದು ನರಿ!

ಆರಿಹೋದ ಟಾರ್ಚು

ಕೊನೆಗೆ ಗೋಲಾಬ್‌ರಾಯ್ ಎಂಬಲ್ಲಿ ಯಾತ್ರಿಕರು ತಂಗುವ ಚಪ್ಪರದ ಹತ್ತಿರ ಒಂದು ಮಾವಿನ ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿ ಮೇಲೆ ರಾತ್ರಿ ಕೂತರು. ಕೆಳಗೆ ಕೊರಳಿಗೆ ಗಂಟೆ ಕಟ್ಟಿದ ಒಂದು ಮೇಕೆ. 1926ರ ಮೇ ತಿಂಗಳ ಮೊದಲ ರಾತ್ರಿ. ಚಪ್ಪರದಲ್ಲಿ ನೂರಕ್ಕೂ ಹೆಚ್ಚು ಯಾತ್ರಿಕರು ಮಲಗಿದ್ದರು. ಕತ್ತಲೋ ಕತ್ತಲು. ಇದ್ದಕ್ಕಿದ್ದ ಹಾಗೆ ಮೇಕೆಯ ಗಂಟೆ ಜೋರಾಗಿ ಅಲುಗಿತು. ಕಾರ್ಬೆಟ್ ಕೋವಿಗೆ ಕಟ್ಟಿದ್ದ ಟಾರ್ಚಿನ ಗುಂಡಿ ಒತ್ತಿದರು. ಬೆಳಕಿನಲ್ಲಿ ಚಿರತೆಯ ಭುಜ ಕಂಡಿತು. ಟ್ರಿಗರ್ ಒತ್ತಿದರು. ಅದೇ ಗಳಿಗೆಯಲ್ಲಿ ಟಾರ್ಚು ಆರಿತು!

ಆ ಕಾಲದಲ್ಲಿ ಟಾರ್ಚು ಅಪರೂಪ. ಅವರಿಗೂ ಅದೇ ಮೊದಲ ಟಾರ್ಚು. ತಿಂಗಳುಗಟ್ಟಲೆ ಜೊತೆಯಲ್ಲಿ ಇಟ್ಟುಕೊಂಡಿದ್ದರು, ಆದರೆ ಹಚ್ಚುವ ಸಂದರ್ಭವೇ ಬಂದಿರಲಿಲ್ಲ. ಸುಮ್ಮನಿದ್ದರೂ ಸೆಲ್ಲು ಖಾಲಿಯಾಗುತ್ತೆ, ಆಗಾಗ ಪರೀಕ್ಷಿಸಬೇಕು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಗುಂಡು ತಾಗಿತೋ ಇಲ್ಲವೋ ತಿಳಿಯದೆ ಅವರು ಬೆಳಗಾಗುವವರೆಗೆ ಆತಂಕದಲ್ಲೇ ಕಳೆದರು. ಬೆಳಕು ಹರಿದಾಗ ನೋಡಿದರೆ ಮೇಕೆ ಆರಾಮವಾಗಿತ್ತು. ರಕ್ತದ ಗುರುತು ಹಿಡಿದು ಹೋದರೆ ಸುಮಾರು 50 ಗಜ ಕೆಳಗೆ ಚಿರತೆ ಸತ್ತು ಬಿದ್ದಿತ್ತು. ಬೋನಿನಲ್ಲಿ ಉಳಿದಿದ್ದ ಆ ಚರ್ಮದ ಚೂರು ಅದರ ಮೈಮೇಲಿನ ಗಾಯಕ್ಕೆ ಸರಿಯಾಗಿ ಹೊಂದಿತು! ಎಂಟು ವರ್ಷದ ಭಯ ಅವತ್ತಿಗೆ ಮುಗಿಯಿತು. ಮೇಕೆಗೆ ಹಿತ್ತಾಳೆಯ ಕೊರಳಪಟ್ಟಿ ಹಾಕಿಸಿ, ಮಾರಿದವನಿಗೇ ವಾಪಸು ಕೊಟ್ಟರಂತೆ.

ಟಾರ್ಚು ಒಂದು ಕ್ಷಣ ಮೊದಲು ಆರಿದ್ದರೆ? ಇದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ನಮ್ಮೂರಿನಲ್ಲಿ ಪಂಪ್‌ಸೆಟ್ಟಿಗೆ ಎಷ್ಟೋ ಸಲ ರಾತ್ರಿಯೇ ಕರೆಂಟ್ ಬರುವುದು. ಅಪ್ಪ, ಚಿಕ್ಕಪ್ಪ ಎಲ್ಲ ಗದ್ದೆಗೆ ನೀರು ಕಟ್ಟಲು ಕತ್ತಲಲ್ಲಿ ಹೋಗುತ್ತಾರೆ. ಹಾವು ಇರುತ್ತೆ, ಹಂದಿ ಇರುತ್ತೆ. ನಾನು ಈ ಪಾಠ ಓದಿದ ಮೇಲೆ ಸಂಜೆಯೇ ಮನೆಯ ಟಾರ್ಚನ್ನು ಗೋಡೆಗೆ ಬಿಟ್ಟು ನೋಡಿ, ಮಂಕಾಗಿದ್ದರೆ ಚಾರ್ಜಿಗೆ ಹಾಕುತ್ತೇನೆ. ನೀವೂ ಹಾಗೆ ಮಾಡಿ.

ಮೈಯೂ ಒಂದು ಸಾಮಾನೇ

1929ರಲ್ಲಿ ಯಾರೋ ಅವರ ಕಿವಿಯ ಪಕ್ಕದಲ್ಲೇ ಭಾರಿ ಕೋವಿ ಹಾರಿಸಿದ್ದರಿಂದ ಕಿವಿಯ ತಮಟೆಗೆ ಏಟಾಗಿ ಒಳಗೆ ಕೀವು ತುಂಬಿತು. ಕಾಡಿನಲ್ಲಿ ಬೇಟೆಗಾರನಿಗೆ ಕಣ್ಣಿಗಿಂತ ಕಿವಿಯೇ ಮುಖ್ಯ. ಅಂಥ ನೋವಿನಲ್ಲೂ ಅವರು ತಲ್ಲಾ ದೇಸ್ ಎಂಬ ಕಡೆಯ ನರಭಕ್ಷಕ ಹುಲಿಯನ್ನು ಹುಡುಕಿ ಕೊಂದರು. ಆಗ ಅವರಿಗೆ 53 ವರ್ಷ.

ಆದರೆ ಎಲ್ಲ ಸಾಮಾನೂ ಯಾವಾಗಲೂ ಕೈಕೊಡುತ್ತದೆ ಅಂತಲ್ಲ. 1930ರ ಏಪ್ರಿಲ್ 11ರಂದು 64 ಜನರನ್ನು ಕೊಂದಿದ್ದ ಚೌಗಢದ ಹುಲಿಯ ಹಿಂದೆ ಹೋಗುವಾಗ ದಾರಿಯಲ್ಲಿ ಅಪರೂಪದ ಎರಡು ಹಕ್ಕಿ ಮೊಟ್ಟೆ ಸಿಕ್ಕಿದವು. ಅವನ್ನು ಎಡಗೈಯಲ್ಲಿ ಹಿಡಿದುಕೊಂಡರು. ಬಂಡೆ ದಾಟಿ ತಿರುಗಿ ನೋಡಿದರೆ ಕೆಲವೇ ಅಡಿ ದೂರದಲ್ಲಿ ಹುಲಿ! ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ಆ ಹಗುರವಾದ ರೈಫಲ್. ಅದನ್ನು ಒಂದೇ ಕೈಯಲ್ಲಿ ನಿಧಾನ, ಬಹಳ ನಿಧಾನವಾಗಿ ತಿರುಗಿಸಿ ಹೊಡೆದರು. ಭಾರದ ಕೋವಿ ಆಗಿದ್ದರೆ ಆಗುತ್ತಿರಲಿಲ್ಲ. ಎರಡೂ ಕೈ ಖಾಲಿ ಇದ್ದಿದ್ದರೆ ಅವಸರಪಟ್ಟು ಕೋವಿ ತಿರುಗಿಸುತ್ತಿದ್ದೆ, ಹುಲಿ ಮೇಲೆ ಬೀಳುತ್ತಿತ್ತು ಎಂದು ಅವರು ಬರೆದಿದ್ದಾರೆ. ಆಮೇಲೆ ಮೊಟ್ಟೆಗಳನ್ನು ವಾಪಸು ಗೂಡಿನ ಜಾಗದಲ್ಲೇ ಇಟ್ಟರು. ತಾಯಿ ಹಕ್ಕಿ ಬಂದು ಕಾವಿಗೆ ಕೂತಿತು.

ಕೋವಿ ಬಿಟ್ಟು ಕ್ಯಾಮೆರಾ

ವಯಸ್ಸಾಗುತ್ತಾ ಕಾರ್ಬೆಟ್ ಮೋಜಿನ ಬೇಟೆ ಬಿಟ್ಟರು. ಚಾಂಪಿಯನ್ ಎಂಬ ಅರಣ್ಯ ಅಧಿಕಾರಿ ತೆಗೆದ ಹುಲಿಯ ಫೋಟೊಗಳನ್ನು ನೋಡಿ ತಾವೂ ಕ್ಯಾಮೆರಾ ಹಿಡಿದರು. ಅಲ್ಲೂ ತೊಂದರೆ ತಪ್ಪಲಿಲ್ಲ. ಸಿನಿಮಾ ಕ್ಯಾಮೆರಾ ತಿರುಗುವ ಸದ್ದಿಗೇ ಹುಲಿ ಎಚ್ಚರವಾಗುತ್ತಿತ್ತು. ಅದಕ್ಕೆ ಅವರು ಒಂದು ಹಳ್ಳಕ್ಕೆ ಚಿಕ್ಕ ಕಟ್ಟೆ ಕಟ್ಟಿ, ನೀರು ಧುಮುಕುವ ಸದ್ದಿನಲ್ಲಿ ಕ್ಯಾಮೆರಾ ಸದ್ದು ಮುಳುಗುವಂತೆ ಮಾಡಿದರು. ಎಂಥ ಉಪಾಯ ನೋಡಿ!

ಭಾರತದ ಮೊದಲ ರಾಷ್ಟ್ರೀಯ ಉದ್ಯಾನ 1936ರಲ್ಲಿ ಅವರ ಕಾಡಿನ ಸೀಮೆಯಲ್ಲೇ ಆಯಿತು. ಅದಕ್ಕೆ ಅವರೂ ದುಡಿದರು. 1944ರಲ್ಲಿ ಕುಮಾವೂಂ ನರಭಕ್ಷಕಗಳ ಬಗ್ಗೆ ಬರೆದ ಪುಸ್ತಕ ಪ್ರಪಂಚದ ತುಂಬ ಹೆಸರಾಯಿತು. ಅವರು ಮದುವೆಯಾಗಲಿಲ್ಲ. 1947ರಲ್ಲಿ ಅಕ್ಕ ಮ್ಯಾಗಿಯವರ ಜೊತೆ ಆಫ್ರಿಕಾದ ಕೀನ್ಯಾಕ್ಕೆ ಹೋದರು. 1955ರ ಏಪ್ರಿಲ್ 19ರಂದು ಅಲ್ಲಿಯ ನ್ಯೇರಿ ಎಂಬ ಊರಿನಲ್ಲಿ ತೀರಿಕೊಂಡರು. ಆಮೇಲೆ ಆ ರಾಷ್ಟ್ರೀಯ ಉದ್ಯಾನಕ್ಕೆ ಅವರ ಹೆಸರನ್ನೇ ಇಟ್ಟರು. 1973ರಲ್ಲಿ ಹುಲಿ ಯೋಜನೆ ಅಲ್ಲಿಂದಲೇ ಶುರುವಾಯಿತು. ನಮ್ಮ ಕರ್ನಾಟಕದ ಬಂಡೀಪುರವೂ ಅದೇ ವರ್ಷ ಆ ಯೋಜನೆಗೆ ಸೇರಿತು.

ನಾವು ಕಲಿಯಬೇಕಾದದ್ದು

ಗೆಳೆಯರೇ, ಕಾರ್ಬೆಟ್ ಅವರ ಸಾಮಾನುಗಳು ಎಷ್ಟು ಸಲ ಕೈಕೊಟ್ಟವು ನೋಡಿದಿರಲ್ಲ. ಕೋವಿ ಕೈಕೊಟ್ಟಾಗ ಕಾಡಿನ ಜ್ಞಾನ ಅವರ ಕೈ ಹಿಡಿಯಿತು. ಟಾರ್ಚು ಕೈಕೊಟ್ಟಾಗ ತಾಳ್ಮೆ ಕೈ ಹಿಡಿಯಿತು. ಆದರೆ ನಾನು ಇನ್ನೂ ಒಂದು ಮಾತು ಹೇಳಬೇಕು. ಚಂಪಾವತ್‌ನ ಹುಲಿಯ ಹಲ್ಲು ಮುರಿದವನನ್ನು ಮರೆಯಬೇಡಿ.

ಈಗ ಬೇಟೆ ಕಾನೂನಿನ ಪ್ರಕಾರ ಅಪರಾಧ. 1972ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿದೆ. ಆದರೂ ಹೊಲಕ್ಕೆ ಹಂದಿ ಬರುತ್ತೆ ಅಂತ ತಂತಿಯ ಉರುಳು ಇಡುವವರು, ಸಿಡಿಮದ್ದಿನ ಉಂಡೆ ಇಡುವವರು ಇದ್ದಾರೆ. ಬೆಳೆ ಹಾಳಾದರೆ ಹೊಟ್ಟೆ ಉರಿಯುತ್ತೆ, ನಮ್ಮ ಮನೆಯಲ್ಲೂ ಆ ಕಷ್ಟ ಇದೆ. ಆದರೆ ಉರುಳಿಗೆ ಕಣ್ಣಿಲ್ಲ. ಹಂದಿಗೆ ಅಂತ ಇಟ್ಟದ್ದಕ್ಕೆ ಚಿರತೆ ಸಿಕ್ಕಿ, ಕಾಲು ಕುಯ್ದುಕೊಂಡು ತಪ್ಪಿಸಿಕೊಂಡು ಹೋದರೆ? ಕಾಲಿಲ್ಲದ ಚಿರತೆ ಕಾಡಿನಲ್ಲಿ ಏನು ಹಿಡಿದು ತಿನ್ನುತ್ತೆ? ಅದು ಬರುವುದು ಮೊದಲು ನಮ್ಮ ನಾಯಿ, ಕುರಿಮರಿಗೆ. ಆಮೇಲೆ ಸಂಜೆ ಶಾಲೆಯಿಂದ ಒಬ್ಬೊಬ್ಬರೇ ಮನೆಗೆ ಹೋಗುವ ನಮ್ಮಂಥ ಮಕ್ಕಳಿಗೆ. ಕಾರ್ಬೆಟ್ ಈಗ ಇಲ್ಲ. ಅದಕ್ಕೇ ಯಾರಾದರೂ ಉರುಳು ಇಟ್ಟದ್ದು ಕಂಡರೆ ಮೇಷ್ಟ್ರಿಗೆ ಹೇಳಿ, ಮನೆಯಲ್ಲಿ ದೊಡ್ಡವರಿಗೆ ಹೇಳಿ, ಅರಣ್ಯ ಇಲಾಖೆಯವರಿಗೆ ತಿಳಿಸಲು ಹೇಳಿ. ನೀವು ಮಾತ್ರ ಮುಟ್ಟಬೇಡಿ.



ಇತಿ,
7ನೇ ತರಗತಿಯ ವಿದ್ಯಾರ್ಥಿನಿ